ಚಿತ್ರದೊಳಗಿನ ಕಾಡುಕೋಳಿ

ಮೇಘಮಲೆ, ವರುಷನಾಡು ಬೆಟ್ಟಗಳ ಅಂಚಿನಲ್ಲಿ ಬೆಳಗಿನ ಜಾವ ಕೂಗುವ ಕಾಡುಕೋಳಿಯನ್ನು ಕಂಬಂ ಕಣಿವೆಯವರಿಗೆ ನಾನು ಪರಿಚಯಿಸಬೇಕಿಲ್ಲ. ಮನೆಯಲ್ಲಿ ನಮಗದು ಕಾಡುಕೋಳಿ. ಸಂತೆಯಲ್ಲಿ ತಮಿಳಿನ ಕಾಟ್ಟುಕೋಳಿ. ವಿಜ್ಞಾನದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಒಬ್ಬ ಫ್ರೆಂಚನ ಹೆಸರು. ಆ ಹೆಸರು ಬಂದ ದಾರಿಯೇ ಇಂದಿನ ವಿಷಯ.

ಅವನು ಪಿಯೇರ್ ಸೊನ್ನೆರಾ. 1774ರಿಂದ 1781ರವರೆಗೆ ಫ್ರೆಂಚ್ ಸರಕಾರದ ಪರವಾಗಿ ಪೂರ್ವದೇಶಗಳನ್ನು ಸುತ್ತಿದ. ಪುದುಚೇರಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಊರು. 1782ರಲ್ಲಿ ಪ್ಯಾರಿಸ್ಸಿನಲ್ಲಿ ಅವನ ಪ್ರವಾಸಗ್ರಂಥ ಎರಡು ಸಂಪುಟಗಳಲ್ಲಿ ಅಚ್ಚಾಯಿತು. ಅವನೇ ಬರೆದ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು 140 ಫಲಕಗಳನ್ನು ಅದರಲ್ಲಿ ಸೇರಿಸಿದ್ದರು. ನಮ್ಮ ದಿಂಡಿಗಲ್ ಕೋಟೆ ಆಗ ಮೈಸೂರಿನ ಹೈದರಾಲಿಯ ವಶದಲ್ಲಿತ್ತು. ಆ ವರ್ಷವೇ ಡಿಸೆಂಬರಿನಲ್ಲಿ ಹೈದರನೂ ತೀರಿಕೊಂಡ.

ಆ ಗ್ರಂಥದಲ್ಲಿ ನಮ್ಮ ಕಾಡುಕೋಳಿಯೂ ಉಂಟು. ಊರಕೋಳಿಗಳೆಲ್ಲ ಇದರ ವಂಶದವೇ ಎಂದು ಸೊನ್ನೆರಾ ಎಣಿಸಿದ. 1813ರಲ್ಲಿ ಡಚ್ ಪಂಡಿತ ಟೆಮ್ಮಿಂಕ್ ಇದಕ್ಕೆ 'ಗ್ಯಾಲಸ್ ಸೊನ್ನೆರಾಟಿ' ಎಂದು ನಾಮಕರಣ ಮಾಡಿದ. ಊರಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ ಎಂದು ಮುಂದೆ ತಿಳಿದವರು ಹೇಳಿದರು. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು, ಹಳದಿ ಕಾಲಿನ ಊರಕೋಳಿಗೆ ಆ ಹಳದಿ ಬಂದದ್ದು ನಮ್ಮ ಬೂದು ಕಾಡುಕೋಳಿಯಿಂದಲೇ ಇರಬೇಕೆಂದು ತೋರಿಸಿದರು. ಸೊನ್ನೆರಾನ ಮಾತು ಪೂರಾ ಸುಳ್ಳಾಗಲಿಲ್ಲ.

ಅದೇ ಕಾಲದಲ್ಲಿ, 1777ರಿಂದ 1782ರವರೆಗೆ, ಕಲ್ಕತ್ತೆಯಲ್ಲಿ ಮುಖ್ಯ ನ್ಯಾಯಾಧೀಶ ಇಂಪಿಯ ಪತ್ನಿ ಮೇರಿ ಇಂಪಿ, ಪಾಟ್ನಾದ ಶೇಖ್ ಜೈನುದ್ದೀನ್, ಭವಾನಿದಾಸ್, ರಾಮದಾಸ್ ಎಂಬ ಕಲಾವಿದರಿಂದ 300ಕ್ಕೂ ಹೆಚ್ಚು ಚಿತ್ರ ಬರೆಸಿದಳು. ಅರ್ಧಕ್ಕಿಂತ ಹೆಚ್ಚಿನವು ಹಕ್ಕಿಗಳವು. ಆಕೆ ಸಾಕಿದ್ದ ಜೀವಂತ ಹಕ್ಕಿಗಳೇ ಎಷ್ಟೋ ಚಿತ್ರಗಳಿಗೆ ಮಾದರಿ. ಅವುಗಳ ಮೇಲೆ ಬರೆದವನ ಹೆಸರೂ ಇದೆ. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಸಹಿ ನೋಡಿ ಕಳೆದ ನನಗೆ ಇದು ದೊಡ್ಡ ವಿಷಯವಾಗಿ ತೋರುತ್ತದೆ. ಸಹಿ ಇದ್ದುದರಿಂದ ಆ ಮೂವರು ಇಂದಿಗೂ ಉಳಿದರು.

ಚಿತ್ರ ಹಕ್ಕಿಯ ರೂಪವನ್ನು ಉಳಿಸುತ್ತದೆ. ಹುಂಜದ ಕತ್ತಿನ ಗರಿಯ ಮೇಲೆ ಅರಗು ತೊಟ್ಟಿಕ್ಕಿದಂತಿರುವ ಹಳದಿ ಚುಕ್ಕೆಗಳನ್ನು ಅದು ತೋರಿಸಬಲ್ಲದು. ಮರಿ ಮಾಡುವ ಕಾಲ ಮುಗಿದ ಮೇಲೆ ಹುಂಜ ಆ ಗರಿಗಳನ್ನು ಉದುರಿಸಿ ಕೆಲವು ತಿಂಗಳು ಮಂಕಾಗಿರುತ್ತದೆ, ಕೂಗುವ ಮೊದಲು ರೆಕ್ಕೆ ಬಡಿಯುವುದಿಲ್ಲ ಎಂಬುದನ್ನು ಒಂದೇ ಚಿತ್ರ ಹೇಳಲಾರದು. ಅದನ್ನು ವರ್ಷವಿಡೀ ಕಾಡಂಚಿನಲ್ಲಿ ದನ ಮೇಯಿಸುವವರು ಬಲ್ಲರು.

ಆ ಚೆಲುವೇ ಹಕ್ಕಿಗೆ ಮುಳುವೂ ಆಯಿತು. ವಿಲಾಯಿತಿಯವರು ಮೀನಿನ ಗಾಳಕ್ಕೆ ಕಟ್ಟುವ ಹುಸಿ ಹುಳಕ್ಕೆ ಈ ಕತ್ತಿನ ಗರಿಯನ್ನೇ ಬಯಸಿದರು. ಅದಕ್ಕಾಗಿ ಹುಂಜಗಳನ್ನು ಕೊಂದು ಚರ್ಮ ಸಾಗಿಸಿದರು. 1972ರ ವನ್ಯಜೀವಿ ಕಾಯಿದೆಯಂತೆ ಇದರ ಬೇಟೆ ಅಪರಾಧ. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ರಕ್ಷಿತಾರಣ್ಯವೂ ಆಯಿತು.

ಕಾಡನ್ನು ಸರಕಾರ ಕಾಯಲಿ. ಹಕ್ಕಿಗಳ ಬಗ್ಗೆ ನಮ್ಮ ಮನೆಮಾತಿನಲ್ಲಿರುವ ತಿಳಿವನ್ನು ಕಾಯುವವರು ನಾವೇ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುತ್ತಾರೆ. ಅಜ್ಜಿಯ ಕನ್ನಡವನ್ನು ಯಾವ ಪುಸ್ತಕವೂ ಕಲಿಸದು. ಅಜ್ಜಿ ಹೇಳುವ ಹಕ್ಕಿಯ ಹೆಸರು, ಅದು ಕೂಗುವ ಬಗೆ, ಗೂಡು ಕಟ್ಟುವ ತಿಂಗಳು, ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ. ತಮಿಳು ಲಿಪಿಯಲ್ಲಾದರೂ ಸರಿ. ಕೆಳಗೆ ಹೇಳಿದವರ ಹೆಸರನ್ನೂ ಬರೆಯಿರಿ.