ಕಾಯಿಲೆ ಹೇಳಿಕೊಂಡ ಗಾಲಿಬ್

ನಮ್ಮ ಪರಿಚಯದ ಒಬ್ಬರಿಗೆ ಎರಡೂ ಮೂತ್ರಪಿಂಡಗಳು ಸೋಲುತ್ತಿವೆ ಎಂಬುದು ಗೊತ್ತಾಯಿತು. ವೈದ್ಯರು ಹೇಳಿದ ದಿನ ಅವರು ಮನೆಗೆ ಬಂದು ಎಂದಿನಂತೆ ಊಟ ಮಾಡಿದರು. ಹೆಂಡತಿ ಕೇಳಿದಾಗ ‘ಬಿಪಿ ಸ್ವಲ್ಪ ಜಾಸ್ತಿಯಂತೆ’ ಎಂದಷ್ಟೇ ಹೇಳಿದರು. ರಾತ್ರಿ ನಿದ್ದೆ ಬಾರದೆ ಎದ್ದು ಕುಳಿತು, ಹೈಸ್ಕೂಲಿನಲ್ಲಿ ಜೊತೆಗೆ ಓದಿದ ನಾಲ್ವರಿಗೆ ಮೊಬೈಲಿನಲ್ಲಿ ಇದ್ದದ್ದನ್ನೆಲ್ಲ ಬರೆದರು. ಒಬ್ಬರು ದಮ್ಮಾಮಿನಲ್ಲಿ, ಒಬ್ಬರು ಮುಂಬೈಯಲ್ಲಿ, ಉಳಿದಿಬ್ಬರು ಬೇರೆ ಬೇರೆ ಊರುಗಳಲ್ಲಿ. ಹತ್ತು ವರ್ಷಗಳಿಂದ ಯಾರ ಮುಖವನ್ನೂ ಅವರು ನೋಡಿರಲಿಲ್ಲ. ಬೆಳಗಾಗುವುದರೊಳಗೆ ನಾಲ್ವರೂ ಉತ್ತರ ಬರೆದಿದ್ದರು.

ವಿಷಯ ಮನೆಯವರಿಗೆ ತಿಳಿದಾಗ ಅವರ ಅಣ್ಣ ಕೆಂಡವಾದರು. ‘ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಇದನ್ನು ಊರಿಗೆಲ್ಲ ಸಾರುವ ಅಗತ್ಯವೇನಿತ್ತು? ರೋಗ ಕೊಟ್ಟವನು ಅಲ್ಲಾಹನು. ಸಬ್ರ್ ಮಾಡಬೇಕೇ ಹೊರತು ಕಂಡಕಂಡವರ ಮುಂದೆ ಅಳುವುದಲ್ಲ.’ ಇನ್ನೊಬ್ಬ ಹಿರಿಯರು ಬೇರೊಂದು ಮಾತು ಸೇರಿಸಿದರು: ‘ಕಣ್ಣಿಗೆ ಕಾಣದವರದು ಎಂಥಾ ಗೆಳೆತನ? ಅದೆಲ್ಲ ಈ ಕಾಲದ ಹುಚ್ಚು.’

ಈ ಕಾಲದ ಹುಚ್ಚೇ? ನೂರ ಅರವತ್ತು ವರ್ಷಗಳ ಹಿಂದೆ ದಿಲ್ಲಿಯ ಬಲ್ಲಿಮಾರಾನ್ ಮೊಹಲ್ಲಾದಲ್ಲಿ ಒಬ್ಬ ಮುದುಕ ಇದನ್ನೇ ಮಾಡುತ್ತಿದ್ದರು. ಮಿರ್ಜಾ ಅಸದುಲ್ಲಾ ಖಾನ್ ಗಾಲಿಬ್.

ಗಾಲಿಬರನ್ನು ನಾವು ಗಜಲುಗಳಿಂದ ಬಲ್ಲೆವು. ಆದರೆ ಅವರ ಬದುಕಿನ ಕೊನೆಯ ಹದಿನೈದು ವರ್ಷಗಳನ್ನು ತಿಳಿಯಬೇಕಾದರೆ ಅವರ ಉರ್ದು ಪತ್ರಗಳನ್ನು ಓದಬೇಕು. 1857ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೇನೆ ದಿಲ್ಲಿಯನ್ನು ಮರಳಿ ವಶಪಡಿಸಿಕೊಂಡಾಗ ನಗರದ ನಿವಾಸಿಗಳನ್ನು ಹೊರಹಾಕಲಾಯಿತು. ಹಿಂದೂಗಳಿಗೆ ಮರುವರ್ಷದ ಆರಂಭದಲ್ಲಿ ಮರಳಲು ಅನುಮತಿ ಸಿಕ್ಕಿತು. ಮುಸ್ಲಿಮರು ಇನ್ನೂ ಬಹಳ ಕಾಲ ಕಾಯಬೇಕಾಯಿತು. ಗಾಲಿಬರ ಬೀದಿ ಉಳಿದದ್ದು ಒಂದು ಆಕಸ್ಮಿಕ. ಅಲ್ಲಿದ್ದ ಹಕೀಮರ ಮನೆತನಕ್ಕೆ ಪಟಿಯಾಲದ ಮಹಾರಾಜರ ಸಿಪಾಯಿಗಳ ಕಾವಲಿತ್ತು. ಮನೆ ಉಳಿಯಿತು, ಮಂದಿ ಉಳಿಯಲಿಲ್ಲ. ಫಜ್ಲೆ ಹಕ್ ಖೈರಾಬಾದಿ ಅಂಡಮಾನಿಗೆ ಗಡೀಪಾರಾಗಿ 1861ರಲ್ಲಿ ಅಲ್ಲಿಯೇ ತೀರಿಕೊಂಡರು. ಮೀರ್ ಮೆಹ್ದಿ ಮಜ್ರೂಹ್ ಪಾಣಿಪತ್ ಸೇರಿದರು. ಮತಿಭ್ರಮಣೆಯಾಗಿದ್ದ ತಮ್ಮ ಯೂಸುಫ್ 1857ರ ಅಕ್ಟೋಬರ್‌ನಲ್ಲಿಯೇ ತೀರಿಹೋಗಿದ್ದರು. ಏಳು ಮಕ್ಕಳು ಹುಟ್ಟಿದರೂ ಒಂದೂ ಬದುಕಿರಲಿಲ್ಲ. ಸಂಜೆ ಬಂದು ಕೂತು ಮಾತಾಡುವವರಿಲ್ಲದ ಆ ನಗರದಲ್ಲಿ ಗಾಲಿಬ್ ಅಂಚೆಯವನ ದಾರಿ ಕಾಯತೊಡಗಿದರು.

ಕಾಲವೂ ಅವರಿಗೆ ಒದಗಿ ಬಂದಿತ್ತು. 1854ರ ಅಂಚೆ ಕಾಯ್ದೆಯ ಪ್ರಕಾರ ಕಾಲು ತೊಲ ತೂಕದ ಪತ್ರ ಅರ್ಧ ಆಣೆಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಅಲ್ಲಿಯವರೆಗೆ ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. ಈಗ ಪಕ್ಕದ ಊರಿನ ಗೆಳೆಯನೂ ಸಾವಿರ ಮೈಲಿ ಆಚೆಯ ಗೆಳೆಯನೂ ಅಂಚೆಯ ಲೆಕ್ಕದಲ್ಲಿ ಸಮಾನರು! ಕಾಲು ತೊಲವೆಂದರೆ ಮೂರು ಗ್ರಾಮಿಗೂ ಕಡಿಮೆ, ಒಂದು ತೆಳು ಹಾಳೆ. ಆ ಹಾಳೆಯಲ್ಲಿ ಗಾಲಿಬ್ ಮಾತಾಡಿದಂತೆ ಬರೆದರು. ಪತ್ರವ್ಯವಹಾರವನ್ನೇ ತಾನು ಸಂಭಾಷಣೆಯಾಗಿ ಮಾರ್ಪಡಿಸಿದ್ದೇನೆಂದು ಆಗ್ರಾದ ಹಾತಿಮ್ ಅಲಿ ಮೆಹ್ರ್ ಅವರಿಗೆ ಹೇಳಿಕೊಂಡರು. ಸಿಕಂದರಾಬಾದಿನ ಮುನ್ಷಿ ಹರಗೋಪಾಲ್ ತಫ್ತಾ ಅವರಿಗೆ, ಈ ಒಂಟಿತನದಲ್ಲಿ ತಾನು ಬದುಕಿರುವುದೇ ಪತ್ರಗಳ ಬಲದಿಂದ, ಯಾರದಾದರೂ ಪತ್ರ ಬಂದರೆ ಅವರೇ ಬಂದರೆಂದು ತಿಳಿಯುತ್ತೇನೆ ಎಂಬರ್ಥದ ಮಾತು ಬರೆದರು. ತಫ್ತಾ ಕಾಯಸ್ಥ ಹಿಂದೂ. ಗಾಲಿಬ್ ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದದ್ದು ‘ಮಿರ್ಜಾ ತಫ್ತಾ’ ಎಂದು. ಪತ್ರ ಬರೆಯುವವರಲ್ಲಿ ಗಾಲಿಬರನ್ನು ಒಮ್ಮೆಯೂ ಕಣ್ಣಾರೆ ಕಾಣದವರೂ ಇದ್ದರು.

ಇಂಥವರಿಗೆ ಗಾಲಿಬ್ ತನ್ನ ಕಾಯಿಲೆಗಳನ್ನು ಹೇಳಿಕೊಂಡರು. ಮುಚ್ಚುಮರೆ ಮಾಡಲಿಲ್ಲ. 1863ರ ಸುಮಾರಿಗೆ ಹತ್ತಿರ ಹತ್ತಿರ ಒಂದು ವರ್ಷ ಮೈಯೆಲ್ಲ ಕುರು ಎದ್ದು ಹುಣ್ಣಾಗಿ ಹಾಸಿಗೆ ಹಿಡಿದಿದ್ದರು. ಎಲ್ಲಿ ಎದ್ದಿದೆ, ಎಷ್ಟು ಒಡೆದಿದೆ, ಕೂರಲು ನಿಲ್ಲಲು ಎಷ್ಟು ಕಷ್ಟ ಎಂಬುದನ್ನೆಲ್ಲ ಯುನಾನಿ ವೈದ್ಯರ ಭಾಷೆಯಲ್ಲಿ, ರಕ್ತ ಕೆಟ್ಟ ಕಥೆಯಾಗಿ ಗೆಳೆಯರಿಗೆ ವಿವರಿಸಿದರು. ಅಯ್ಯೋ ಪಾಪ ಎನಿಸಿಕೊಳ್ಳುವ ಗೋಳು ಇಲ್ಲಿ ಕಡಿಮೆ. ತನ್ನ ಮೈಯನ್ನು ಸ್ವಲ್ಪ ದೂರ ನಿಂತು ನೋಡಿ, ಕಂಡದ್ದನ್ನು ವರದಿ ಮಾಡುವ ಧಾಟಿಯಿದೆ. ನಗುವೂ ಇದೆ. ಅರಬಿ ಅಕ್ಷರಗಳಿಗೆ ಅಂಕಿಗಳನ್ನು ಕೊಡುವ ಅಬ್ಜದ್ ಲೆಕ್ಕ ನಮ್ಮ ಓದುಗರಿಗೆ ಗೊತ್ತು. ಗಾಲಿಬ್ ಎಂಬ ಹೆಸರಿಗೆ 1033, ‘ಸತ್ತ’ ಎಂಬರ್ಥದ ಪಾರ್ಸಿ ಪದಕ್ಕೆ 244, ಕೂಡಿದರೆ 1277. ಆದ್ದರಿಂದ ಹಿಜರಿ 1277ರಲ್ಲಿ ತನ್ನ ಸಾವು ಖಂಡಿತವೆಂದು ಅವರು ಮೊದಲೇ ಸಾರಿಬಿಟ್ಟಿದ್ದರು. ಆ ವರ್ಷ, ಅಂದರೆ 1860-61ರಲ್ಲಿ, ದಿಲ್ಲಿಗೆ ಕಾಲರಾ ಬಂತು. ಜನ ಸತ್ತರು, ಗಾಲಿಬ್ ಸಾಯಲಿಲ್ಲ. ಮಜ್ರೂಹ್ ಅವರಿಗೆ ಅವರು ಕೊಟ್ಟ ವಿವರಣೆ: ಲೆಕ್ಕ ತಪ್ಪಿರಲಿಲ್ಲ, ಆದರೆ ಎಲ್ಲರೂ ಸಾಯುವ ಸಾಂಕ್ರಾಮಿಕದಲ್ಲಿ ಸಾಯುವುದು ತನ್ನ ಅಂತಸ್ತಿಗೆ ತಕ್ಕುದಲ್ಲವೆಂದು ಬಿಟ್ಟೆ!

ಇದು ಸಬ್ರ್‌ಗೆ ವಿರುದ್ಧವೇ? ಗಾಲಿಬರನ್ನು ಧರ್ಮನಿಷ್ಠೆಗೆ ಮಾದರಿಯೆಂದು ಯಾರೂ ಹೇಳುವುದಿಲ್ಲ, ಅವರೂ ಹೇಳಿಕೊಂಡವರಲ್ಲ. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಅವರಲ್ಲಿ ಹುಡುಕುವುದು ಬೇಡ. ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ರೋಗಿಗಳ ಕುರಿತು ಪ್ರತ್ಯೇಕ ಭಾಗವೇ ಇದೆ. ಅದರಲ್ಲಿ ರೋಗಿಯಾದವನು ‘ನನಗೆ ನೋವಾಗುತ್ತಿದೆ’ ಎಂದು ಹೇಳಿಕೊಳ್ಳಬಹುದು ಎಂಬುದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಹಝ್ರತ್ ಆಯಿಶಾ(ರ) ತಲೆನೋವಿನಿಂದ ನರಳಿದಾಗ ಪ್ರವಾದಿ(ಸ)ಯವರು ತನ್ನ ತಲೆಯೂ ನೋಯುತ್ತಿದೆ ಎಂದು ಹೇಳಿದ ಪ್ರಸಂಗ ಅಲ್ಲಿದೆ. ಪ್ರವಾದಿ ಅಯ್ಯೂಬ್(ಅ)ರು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದ್ದರ ಉಲ್ಲೇಖವೂ ಆ ಅಧ್ಯಾಯದ ಶೀರ್ಷಿಕೆಯಲ್ಲಿಯೇ ಬರುತ್ತದೆ. ಹನ್ನೆರಡು ಶತಮಾನಗಳ ಹಿಂದೆ ಇಂಥದೊಂದು ಅಧ್ಯಾಯ ಬರೆಯಬೇಕಾಗಿ ಬಂತು ಎಂದರೆ, ಬಾಯಿ ಮುಚ್ಚಿಕೊಂಡಿರುವುದನ್ನೇ ಸಹನೆಯೆಂದು ತಿಳಿದವರು ಆಗಲೂ ಇದ್ದರೆಂದೇ ನಮ್ಮ ಊಹೆ. ಇನ್ನು ರೋಗಿಯನ್ನು ಸಂದರ್ಶಿಸುವುದು, ಅಂದರೆ ಇಯಾದತ್, ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕುಗಳಲ್ಲಿ ಒಂದು. ಕಾಯಿಲೆಯ ಸುದ್ದಿಯನ್ನೇ ಬಚ್ಚಿಟ್ಟರೆ ಆ ಹಕ್ಕನ್ನು ಸಲ್ಲಿಸುವವರು ಯಾರು?

ಹಾಗೆಂದು ಗಾಲಿಬರ ಪತ್ರಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ರಾಂಪುರದ ನವಾಬರಿಂದ ಅವರಿಗೆ 1859ರಿಂದ ತಿಂಗಳಿಗೆ ನೂರು ರೂಪಾಯಿ ಬರುತ್ತಿತ್ತು. ಆ ಅರಮನೆಗೆ, ಅದರಲ್ಲಿಯೂ 1865ರಲ್ಲಿ ಗದ್ದುಗೆಯೇರಿದ ಕಲ್ಬ್ ಅಲಿ ಖಾನರಿಗೆ ಬರೆದ ಪತ್ರಗಳಲ್ಲಿ ಕಾಯಿಲೆಯ ಜೊತೆಗೆ ಸಾಲದ ಮಾತೂ ಬರುತ್ತದೆ. ಸಾಯುವ ಮೊದಲು ಸಾಲ ತೀರಿಸಿಬಿಡಿ ಎಂದು ಅಂಗಲಾಚುವ ಆ ದನಿ ಕೇಳಿದರೆ ಮನಸ್ಸು ಕುಗ್ಗುತ್ತದೆ. ತಫ್ತಾನಿಗೆ, ಮಜ್ರೂಹ್‌ಗೆ ಹೇಳುವ ಕಾಯಿಲೆ ಬೇರೆ, ನವಾಬರಿಗೆ ಹೇಳುವ ಕಾಯಿಲೆ ಬೇರೆ. ಮೈ ಮಾತ್ರ ಒಂದೇ.

ಕೇಳಿಸಿಕೊಂಡವರೂ ಎಲ್ಲರೂ ಒಂದೇ ತೆರನಾಗಿರಲಿಲ್ಲ. ದೂರದೂರದ ಶಿಷ್ಯರು ತಿದ್ದಿಕೊಡಿರೆಂದು ಗಜಲುಗಳನ್ನು ಕಳಿಸುತ್ತಿದ್ದರು. ಕೈ ನಡುಗುತ್ತಿದೆ, ಕಣ್ಣು ಮಂಜಾಗಿದೆ, ಇನ್ನು ನನ್ನಿಂದಾಗದು ಎಂದು ಗಾಲಿಬ್ ಕಡೆಗೆ ಪತ್ರಿಕೆಯಲ್ಲಿಯೇ ಪ್ರಕಟಣೆ ಕೊಡಿಸಿದರು. ಆದರೂ ಗಜಲುಗಳು ಬರುತ್ತಲೇ ಇದ್ದವು! ನಾವೂ ಕಂಡಿದ್ದೇವೆ, ಆಸ್ಪತ್ರೆಯ ಮಂಚದ ಬಳಿ ಕೂತು ತಮ್ಮ ಸೈಟಿನ ವ್ಯಾಜ್ಯ ಹೇಳುವವರನ್ನು. ಮಲಗಿದಲ್ಲಿಂದಲೇ ಗಾಲಿಬ್ ಅವುಗಳನ್ನು ತಿದ್ದುತ್ತಿದ್ದರು. ಬಯ್ದುಕೊಂಡೇ ತಿದ್ದುತ್ತಿದ್ದರು. ಆ ಕೆಲಸವೂ ಇಲ್ಲದಿದ್ದರೆ ಹಾಸಿಗೆಯಲ್ಲಿ ಉಳಿಯುತ್ತಿದ್ದದ್ದು ಬರೀ ಕಾಯಿಲೆ. ಶಿಷ್ಯರಿಗೆ ಅವರು ಇನ್ನೂ ಉಸ್ತಾದರೇ ಆಗಿದ್ದರು, ರೋಗಿಯಷ್ಟೇ ಆಗಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಕಿವಿ ಪೂರ್ತಿ ಹೋಯಿತು. ಶಿಷ್ಯ ಅಲ್ತಾಫ್ ಹುಸೇನ್ ಹಾಲಿ 1897ರಲ್ಲಿ ಬರೆದ ‘ಯಾದ್‌ಗಾರೆ ಗಾಲಿಬ್’ನಿಂದ ಆ ದಿನಗಳ ಚಿತ್ರ ಸಿಗುತ್ತದೆ. ನಡೆದಾಡಲು ತ್ರಾಣವಿಲ್ಲ. ಆಹಾರವೆಂದರೆ ಬಾದಾಮಿ ಅರೆದ ಪಾನಕ, ಮಾಂಸದ ಸಾರು, ಅಷ್ಟೇ. ಮನೆಗೆ ಬಂದವರು ಹೇಳಬೇಕಾದದ್ದನ್ನು ಕಾಗದದ ಮೇಲೆ ಬರೆದು ತೋರಿಸಬೇಕಿತ್ತು. ಇದನ್ನು ಓದಿದಾಗ ನಮಗೆ ಹೊಳೆದದ್ದಿಷ್ಟು: ಪಕ್ಕದ ಓಣಿಯಿಂದ ಬಂದವನೂ ಈಗ ಪತ್ರ ಬರೆಯುವ ಗೆಳೆಯನೇ ಆಗಿದ್ದ. ಎದುರಿಗೆ ಕೂತವನಿಗೂ ಪಾಣಿಪತ್‌ನಲ್ಲಿದ್ದವನಿಗೂ ಗಾಲಿಬರನ್ನು ತಲುಪಲು ಇದ್ದದ್ದು ಒಂದೇ ದಾರಿ, ಅಕ್ಷರ.

ಗೆಳೆಯರಿಗೆ ಹೇಳುವುದು ಬೇರೆ, ಬಜಾರಿಗೆ ಹೇಳುವುದು ಬೇರೆ ಎಂಬ ಎಚ್ಚರ ಅವರಿಗಿತ್ತು. 1858ರಲ್ಲಿ ತಫ್ತಾ ಮತ್ತು ಆಗ್ರಾದ ಮುನ್ಷಿ ಶಿವನಾರಾಯಣ್ ಪತ್ರಗಳನ್ನು ಅಚ್ಚು ಹಾಕಿಸುವ ಮಾತೆತ್ತಿದಾಗ ಗಾಲಿಬ್ ಒಪ್ಪಲಿಲ್ಲ. ಖಾಸಗಿ ಸಂಗತಿಗಳು ಊರವರ ಕೈಗೆ ಏಕೆ ಹೋಗಬೇಕೆಂಬುದು ಅವರ ಆಕ್ಷೇಪ. ನಮ್ಮ ಪರಿಚಯದವರ ಅಣ್ಣ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರು ನಾಲ್ವರು ಗೆಳೆಯರನ್ನು ಊರೆಂದು ಎಣಿಸಿದರು, ಅಷ್ಟೇ ವ್ಯತ್ಯಾಸ. ಹತ್ತು ವರ್ಷಗಳಲ್ಲಿ ಗಾಲಿಬರ ಬಿಗಿ ಸಡಿಲಿತು. ಮೊದಲ ಸಂಗ್ರಹ ‘ಊದೆ ಹಿಂದಿ’ 1868ರ ಅಕ್ಟೋಬರ್‌ನಲ್ಲಿ ಮೀರತ್‌ನಲ್ಲಿ ಅಚ್ಚಾಯಿತು.

1869ರ ಫೆಬ್ರವರಿಯಲ್ಲಿ ಪ್ರಜ್ಞೆ ಹೋಗಿ ಬರುತ್ತಿತ್ತು. ಸಾಯುವ ಹಿಂದಿನ ದಿನ ಹಾಲಿ ನೋಡಲು ಹೋದಾಗ ಸ್ವಲ್ಪ ಎಚ್ಚರವಿತ್ತು. ಆರೋಗ್ಯ ವಿಚಾರಿಸಿ ಬರೆದಿದ್ದ ಲೋಹಾರುವಿನ ಅಲಾವುದ್ದೀನ್ ಅಹ್ಮದ್ ಖಾನ್ ಅಲಾಯಿ ಅವರಿಗೆ ಗಾಲಿಬ್ ಉತ್ತರ ಹೇಳಿ ಬರೆಸುತ್ತಿದ್ದರು. ನನ್ನನ್ನೇನು ಕೇಳುವುದು, ಒಂದೆರಡು ದಿನ ಬಿಟ್ಟು ನೆರೆಯವರನ್ನು ಕೇಳಿ ಎಂಬುದು ಆ ಉತ್ತರದ ತಾತ್ಪರ್ಯ. ಮರುದಿನ, ಫೆಬ್ರವರಿ 15ರಂದು, ತೀರಿಕೊಂಡರು. ಎರಡನೆಯ ಸಂಗ್ರಹ ‘ಉರ್ದೂಎ ಮುಅಲ್ಲಾ’ ಹೊರಬಂದದ್ದು ಮಾರ್ಚ್ ತಿಂಗಳಲ್ಲಿ.