ಅಟ್ಟ ಸೇರಿದ ಫ್ಯಾಂಟಮ್: ಮಲೆನಾಡಿನಲ್ಲಿ ಹಳೆಯ ಚಿತ್ರಕಥೆ ಪತ್ರಿಕೆಗಳ ಸಂಗ್ರಹ

ಮುಸುಕಿನ ವೀರ ಬಂದ ದಾರಿ

ಸೂಪರ್‌ಮ್ಯಾನ್ ಅಮೆರಿಕದ ದಿನಪತ್ರಿಕೆಗಳಿಗೆ ಬಂದದ್ದು 1939ರ ಜನವರಿ 16ರಂದು. ಅದಕ್ಕೂ ಸುಮಾರು ಮೂರು ವರ್ಷ ಮೊದಲೇ, 1936ರ ಫೆಬ್ರವರಿ 17ರಂದು, ಲೀ ಫಾಕ್ ಬರೆದ ಫ್ಯಾಂಟಮ್ ಚಿತ್ರಕಥೆ ಶುರುವಾಗಿತ್ತು. ಮೈಗಂಟಿದ ಉಡುಪು, ಕಣ್ಣುಗುಡ್ಡೆ ಕಾಣದ ಮುಸುಕು ಇವನ ಗುರುತು. ಅತಿಮಾನುಷ ಶಕ್ತಿ ಮಾತ್ರ ಇವನಿಗಿಲ್ಲ. ಇಲಸ್ಟ್ರೇಟೆಡ್ ವೀಕ್ಲಿ ಎಂಬ ಇಂಗ್ಲಿಷ್ ವಾರಪತ್ರಿಕೆ ಇವನ ಕಥೆಗಳನ್ನು ಭಾರತದ ಓದುಗರಿಗೆ ಕೊಟ್ಟಿತು. 1965ರಲ್ಲಿ ಆರಂಭವಾದ ಸುಧಾ ವಾರಪತ್ರಿಕೆಯ ಮೂಲಕ ಕನ್ನಡದ ಮಕ್ಕಳಿಗೂ ಇವನು ಆಪ್ತನಾದ. ಸಕಲೇಶಪುರ, ಆಲೂರಿನ ತೋಟದ ಮನೆಗಳಲ್ಲಿ ಹಳೆಯ ಪತ್ರಿಕೆ ಹುಡುಕುವವರು ಮೊದಲು ನೋಡಬೇಕಾದದ್ದು ಇಂಥ ವಾರಪತ್ರಿಕೆಗಳ ಕಟ್ಟುಗಳನ್ನೇ.

ಪುಸ್ತಕವಿದ್ದರೂ ಹಾಳೆ ಏಕೆ?

ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲೂ ಬಂತು, 1990ರಲ್ಲಿ ನಿಂತಿತು. ಆದರೆ ಪುಸ್ತಕದ ಅಳತೆಗೆ ಹೊಂದಿಸಲು ಎಷ್ಟೋ ಚೌಕಗಳನ್ನು ಕತ್ತರಿಸಿದ್ದರು. ಫ್ಯಾಂಟಮ್‌ನ ನಾಡು ‘ಬೆಂಗಾಲಿ’ ಅಲ್ಲಿ ‘ದೆಂಕಾಲಿ’ಯಾಯಿತು. ಪತ್ರಿಕೆಯ ಹಾಳೆಯಲ್ಲಾದರೆ ಕಥೆ ಕಂತು ಕಂತಾಗಿ, ಆ ವಾರದ ಸುದ್ದಿ, ಜಾಹೀರಾತುಗಳ ನಡುವೆಯೇ ಉಳಿದಿರುತ್ತದೆ. ಹಾಗಾಗಿ ಚಿತ್ರಕಥೆಯನ್ನಷ್ಟೇ ಕತ್ತರಿಸಿ ಇಡುವುದು, ನನ್ನ ಮಟ್ಟಿಗೆ, ಅರ್ಧ ಸಂಗ್ರಹ.

ಇನ್ನೊಂದು ಎಚ್ಚರಿಕೆ. ಚೌಕದ ಮೂಲೆಯಲ್ಲಿ ಕೆಲವೊಮ್ಮೆ ಸಣ್ಣ ಅಂಕಿಯಲ್ಲಿ ತಿಂಗಳು, ದಿನ ಇರುತ್ತದೆ. ಅದು ಅಮೆರಿಕದಲ್ಲಿ ಅಚ್ಚಾದ ದಿನ. ಇಲ್ಲಿನ ಸಂಚಿಕೆಯ ದಿನಾಂಕವನ್ನು ಪುಟದ ಮೇಲ್ತುದಿಯಲ್ಲೇ ನೋಡಬೇಕು.

ಮಳೆ, ಹೊಗೆ, ಗೆದ್ದಲು

ಸುದ್ದಿಕಾಗದವನ್ನು ಮರವನ್ನು ಅರೆದು ತೆಗೆದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಉಳಿಯುವ ಲಿಗ್ನಿನ್ ಬೆಳಕು, ಗಾಳಿ ತಾಗಿ ಹಾಳೆಯನ್ನು ಹಳದಿಯಾಗಿಸುತ್ತದೆ. ಕಾಗದದ ಆಮ್ಲ ಅದನ್ನು ಹಪ್ಪಳದಂತೆ ಮುರಿಯುವಷ್ಟು ಪೆಡಸಾಗಿಸುತ್ತದೆ. ಸಕಲೇಶಪುರದ ಮಳೆಗಾಲ ಇದರ ಮೇಲೆ ಬೂಷ್ಟು ಹಿಡಿಸುತ್ತದೆ. ಮಲೆನಾಡಿನ ಹಿರಿಯರು ಬೇಕಾದ ವಸ್ತುವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಅಲ್ಲಿ ತೇವ ತಾಗದು, ನಿಜ. ಆದರೆ ಹೊಗೆ ಕೂತು ಅಂಚೆಲ್ಲ ಕಂದಾಗುತ್ತದೆ. ಬಿಡಿಸಹೋದರೆ ಮಡಿಕೆಯಲ್ಲೇ ಎರಡು ತುಂಡು.

ಕಾಫಿಯನ್ನು ಕಣದಲ್ಲಿ ಹರಡಿದ ಹಾಗೆ ಪತ್ರಿಕೆಯನ್ನು ಬಿಸಿಲಿಗೆ ಹಾಕಬಾರದು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ನೆರಳಲ್ಲಿ ಬಿಡಿಸಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಬೇಕು. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿಸಿ, ನೆಲ, ಗೋಡೆಗೆ ತಾಗದಂತೆ ಇಟ್ಟರೆ ಗೆದ್ದಲಿನ ಭಯ ಕಡಿಮೆ. ಸೆಲ್ಲೋಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ತಪ್ಪು. ಅವನ್ನು ಹಾಳೆಗೆ ಏಟಾಗದಂತೆ ಬಿಡಿಸುವುದು ಬಲು ಕಷ್ಟ. ಓದಲು ಒಂದು ಫೋಟೊ ತೆಗೆದಿಟ್ಟುಕೊಂಡರೆ ಮೂಲವನ್ನು ಮತ್ತೆ ಮತ್ತೆ ಮುಟ್ಟಬೇಕಾಗಿಲ್ಲ.

ಸಿಗುವುದೆಲ್ಲಿ?

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳನ್ನು ಎಲ್ಲರೂ ಬಲ್ಲರು. ಆದರೆ ಬಿಡದೆ ಜೋಡಿಸಿಟ್ಟ ವರ್ಷಗಟ್ಟಲೆಯ ಸಂಚಿಕೆಗಳು ಸಿಗುವ ಸಂಭವ ಹೆಚ್ಚಿರುವುದು ಚಂದಾ ಕಟ್ಟಿ ತರಿಸಿಕೊಂಡವರ ಮನೆಗಳಲ್ಲೇ. ಹಳೆ ಮನೆ ಕೆಡವುವಾಗ ಅವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ನಿಮ್ಮ ಅಟ್ಟದಲ್ಲೂ ಅಂಥ ಕಟ್ಟು ಇದ್ದರೆ, ತಕ್ಕಡಿಗೆ ಹಾಕುವ ಮುನ್ನ ದಯವಿಟ್ಟು ದಾರ ಬಿಚ್ಚಿ ಒಮ್ಮೆ ನೋಡಿ.