ಕಾಶಿಯ ದಾರಿಗೆ ಒಂದು ಊರಿನ ಹುಟ್ಟುವಳಿ

ಹಾಸನಕ್ಕೆ ಹತ್ತಿರದ ಮೊಸಳೆಯಲ್ಲಿ ನಾಗೇಶ್ವರನೂ ಚೆನ್ನಕೇಶವನೂ ಅಕ್ಕಪಕ್ಕದ ಗುಡಿಗಳಲ್ಲಿ ನೆಲೆಸಿದ್ದಾರೆ. ಸುಮಾರು 1200ರ ಹೊತ್ತಿಗೆ ಹೊಯ್ಸಳರ ಕಾಲದಲ್ಲಿ ಎದ್ದ ಅವಳಿ ಗುಡಿಗಳವು. ನೋಡಲು ಬಂದವರು ಕಲ್ಲಿನ ಕೆಲಸವನ್ನು ಹೊಗಳಿ ಹೋಗುತ್ತಾರೆ. ಅದೇ ಅರಸುಮನೆತನ ತಾಮ್ರಪಟದಲ್ಲಿ ಬರೆಸಿದ ಇನ್ನೊಂದು ಕೆಲಸವನ್ನು ನೆನೆಯುವವರು ಕಡಿಮೆ.

ಅದು 1279ರ ಮಾತು. ರಾಜ್ಯ ಆಗಲೇ ಅಣ್ಣತಮ್ಮಂದಿರ ನಡುವೆ ಪಾಲಾಗಿತ್ತು: ದೋರಸಮುದ್ರದಲ್ಲಿ ಮೂರನೇ ನರಸಿಂಹ, ತಮಿಳು ಸೀಮೆಯ ಕಣ್ಣನೂರಿನಲ್ಲಿ ರಾಮನಾಥ. ಆ ಇಕ್ಕಟ್ಟಿನ ದಿನಗಳಲ್ಲಿ ನರಸಿಂಹ ಹೆಬ್ಬಾಲೆ ಎಂಬ ಊರನ್ನು ದತ್ತಿ ಬಿಟ್ಟ. ಅದರ ವರ್ಷದ ಹುಟ್ಟುವಳಿ 645 ನಿಷ್ಕ ನಾಣ್ಯ. ದೂರದ ಕಾಶಿ ಆಗ ದಿಲ್ಲಿ ಸುಲ್ತಾನರ ಕೈಯಲ್ಲಿತ್ತು. ಅಲ್ಲಿಗೆ ಹೋದವರು ತುರುಷ್ಕ ತೆರಿಗೆ ತೆರಬೇಕಿತ್ತು. ಆ ತೆರಿಗೆ ಕಟ್ಟುವವರಿಗೆ ಈ ಹಣ ನೆರವಾಗಬೇಕೆಂಬುದು ದತ್ತಿಯ ಉದ್ದೇಶ.

ಯಾರಿಗೆ ನೆರವು ಎಂಬುದೇ ಇದರ ಸೊಗಸು. ಕನ್ನಡಿಗರು ಸರಿ, ತೆಲುಗರು, ತುಳುವರು ನೆರೆಯವರು. ಆದರೆ ಪಟ್ಟಿಯಲ್ಲಿ ತಿರಹುತದವರಿದ್ದಾರೆ, ಗೌಡ ದೇಶದವರಿದ್ದಾರೆ. ಇಂದಿನ ಲೆಕ್ಕದಲ್ಲಿ ಉತ್ತರ ಬಿಹಾರ, ಬಂಗಾಳದ ಕಡೆಯ ಜನ. ಹೊಯ್ಸಳ ದೊರೆಗೆ ಅವರು ಒಂದು ಕಾಸು ಕಂದಾಯ ಕೊಟ್ಟವರಲ್ಲ. ಪರರಾಜ್ಯದಲ್ಲಿ, ಪರದೇಶದವರಿಗಾಗಿ, ಒಂದು ಸಲದ ಭಿಕ್ಷೆಯಾಗಿಯಲ್ಲ, ವರ್ಷವರ್ಷವೂ ಸಲ್ಲುವ ಹುಟ್ಟುವಳಿಯಾಗಿ ಈ ನೆರವು ನಿಂತಿತು. ದೊರೆಯ ಹೆಸರು ಪಟದಲ್ಲಿ ಉಳಿಯಿತು. ಆ 645 ನಿಷ್ಕದ ಹಿಂದೆ ಬೆವರು ಸುರಿಸಿದವರು ಮಾತ್ರ ಹೆಬ್ಬಾಲೆಯ ಒಕ್ಕಲುಗಳು. ಅವರನ್ನು ಬಿಟ್ಟು ಈ ಕಥೆ ಹೇಳುವುದು ತಪ್ಪಾಗುತ್ತದೆ.

ದಾರಿಹೋಕರಿಗೆ ಹಳ್ಳಿಯವರ ಕೈಲಾದ ನೆರವು ಬೇರೆ ಬಗೆಯದು. ದಾರಿಯ ಬದಿಯ ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ. ಊರಾಚೆ ನೆರಳಿಗೆ ಗುಂಡುತೋಪು. ತಲೆಹೊರೆಯವನು ಯಾರ ಕೈಯನ್ನೂ ಕಾಯದೆ ಭಾರ ಇಳಿಸಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ನೀರು ಕೊಡುವ ಮುಂಚೆ ಊರು ಯಾವುದೆಂದು ಕೇಳುವ ರೂಢಿ ಅರವಟ್ಟಿಗೆಗೆ ಇರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ಜಾತಿಯ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿ ಎಲ್ಲರ ಬೊಗಸೆಗೂ ನೀರು ಒಂದೇ ಸಮ ಬೀಳಲಿಲ್ಲ.

ಹಾದುಹೋದವರದಷ್ಟೇ ಅಲ್ಲ, ಹಾಸನದ ಈ ಸೀಮೆಗೆ ಬಂದು ಸೇರಿದವರ ನೆನಪೂ ಹಳೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು 7ನೇ ಶತಮಾನದ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಜೈನ ಮುನಿ ಭದ್ರಬಾಹು ಹನ್ನೆರಡು ವರ್ಷಗಳ ಕೇಡುಗಾಲವನ್ನು ಮುನ್ನುಡಿದಾಗ ಜೈನ ಸಂಘ ದಕ್ಷಿಣಕ್ಕೆ ಹೊರಟಿತು; ತಲುಪಿದ್ದು ನೂರಾರು ಹಳ್ಳಿಗಳು, ದವಸ, ದನಕರು, ಕುರಿಗಳಿಂದ ತುಂಬಿದ ನಾಡನ್ನು ಎನ್ನುತ್ತದೆ ಅದು. ಬರಕ್ಕೆ ಬೆದರಿ ಬಂದವರ ಕಣ್ಣಿಗೆ ಈ ನೆಲ ಕಂಡ ಬಗೆ ಅದು.

ಎಷ್ಟೋ ಶತಮಾನಗಳ ಮೇಲೆ ಸೆಂಗೋಟ್ಟೆಯ ಕಡೆಯಿಂದ, ಅಂದರೆ ಇಂದಿನ ತಮಿಳುನಾಡು–ಕೇರಳದ ಗಡಿಯಿಂದ, ಸಂಕೇತಿ ಬ್ರಾಹ್ಮಣರು ಬಂದರು. ತಮ್ಮವಳಾದ ನಾಚಾರಮ್ಮ ಎಂಬ ಹೆಂಗಸಿಗಾದ ಅವಮಾನಕ್ಕೆ ನೊಂದು ಊರು ಬಿಟ್ಟೆವು ಎಂಬುದು ಅವರ ಮನೆಮನೆಯ ಐತಿಹ್ಯ. ಹಾಸನದ ಬಳಿಯ ಕೌಶಿಕ ಎಂಬ ಊರು ಅವರಲ್ಲೊಂದು ಪಂಗಡಕ್ಕೆ ಹೆಸರನ್ನೇ ಕೊಟ್ಟಿತು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಅವರ ಸಂಗೀತದ ಊರಾಯಿತು, ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, 1920ರಲ್ಲಿ. ತಮಿಳಿನ ಬೇರಿನ ಸಂಕೇತಿ ಮಾತು ಕನ್ನಡವನ್ನು ಬೆರೆಸಿಕೊಂಡು ಆ ಮನೆಗಳ ಅಡುಗೆಮನೆ, ಜಗುಲಿಗಳಲ್ಲಿ ಇಂದಿಗೂ ಕೇಳುತ್ತದೆ.